ಓದುಗರ ಗಾಡಿ ಪ್ರಶ್ನೆ: ಚಪ್ಪಲ್ಲಿಗೆ ಹಚ್ಚೂ ಎಣ್ಣಿ ಸೀಟಿಗೆ ಬ್ಯಾಡ

ಈ ಸಲ ಬಂದ ಪತ್ರದಾಗ ಅರ್ಧಕ್ಕರ್ಧ ಸೀಟಿನ ಬಗ್ಗೆನ ಅದಾವ್ರಿ. ಎಂಜಿನ್, ಮೈಲೇಜ್, ಟೈರ್ ಎಲ್ಲಾ ಬಿಟ್ಟು ಲೆದರ್ ಸೀಟ್ ಹೆಂಗ ಸ್ವಚ್ಛ ಮಾಡೂದು ಅಂತ ಕೇಳ್ಯಾರ, ಹಿಂಗಾಗಿ ಉಳದಿದ್ದನ್ನ ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಬರೇ ಸೀಟಿಂದ ಮಾತಾಡೂಣು.

ವಿಜಯಪುರದಿಂದ ಒಬ್ಬರು: ಸರ, ಹೋದ ವರ್ಷ ಕಪ್ಪು ಲೆದರ್ ಸೀಟಿನ ಗಾಡಿ ತೊಗೊಂಡೀನಿ. ಆಫೀಸ್ ಮುಂದ ನೆರಳಿಲ್ಲ, ದಿನಾ ಎಂಟು ತಾಸು ಬಿಸಲಾಗ ನಿಂದರ್ತೈತಿ. ನಮ್ಮ ಮಾವನೋರು ಸೀಟ್ ಒಣಗಿ ಸೀಳ್ತಾವ, ತಿಂಗಳಿಗೊಮ್ಮೆ ಕೊಬ್ರಿ ಎಣ್ಣಿ ತಿಕ್ಕು ಅಂದ್ರು. ತಿಕ್ಕಿದೆ, ಮಸ್ತ ಹೊಳಿತು. ಆದ್ರ ಈಗ ಎಷ್ಟ ವರಸಿದ್ರೂ ಧೂಳು ಹಿಡಕೊಂಡ ಕುಂದರ್ತೈತಿ, ಬಿಳಿ ಅಂಗಿ ಬೆನ್ನಿಗೆ ಕಲಿ ಆಗ್ಯಾವ. ಏನ ಮಾಡ್ಲಿ?

ಮಾವನೋರು ಹೇಳಿದ್ದು ತಪ್ಪಂತ ನಾನು ಅನ್ನಂಗಿಲ್ರಿ, ಅವರು ಹೇಳಿದ್ದು ಬ್ಯಾರೆ ಚರ್ಮಕ್ಕ ಸರಿ ಐತಿ. ನಮ್ಮ ತಾಯಿ ತವರಮನಿ ಅಥಣಿ, ಸಣ್ಣಾಂವ ಇದ್ದಾಗ ರಜಾಕ್ಕ ಹೋದ್ರ ಚಪ್ಪಲ್ ಮಾಡೂ ಮನಿ ಮುಂದ ಕುಂತು ನೋಡ್ತಿದ್ದೆ. ಕೊಲ್ಹಾಪುರಿ ಅಂತ ಹೆಸರಾದ ಚಪ್ಪಲ್ ನಮ್ಮ ಕಡೇನೂ ಆಗ್ತಾವ, 2019ರಾಗ ಜಿಐ ಟ್ಯಾಗ್ (ಇದು ಇಂಥಾ ಊರ ಕಡಿನ ಮಾಲು ಅನ್ನೂ ಸರಕಾರಿ ಗುರುತು) ಸಿಕ್ಕಾಗ ಮಹಾರಾಷ್ಟ್ರದ ನಾಕು ಜಿಲ್ಲಾ ಜೋಡಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಾಕೂ ಅದರಾಗ ಬಂದಾವ. ಆ ತೊಗಲನ್ನ ಜಾಲಿ ತೊಗಟಿ, ಅಳಲಿಕಾಯಿ ನೀರಾಗ ಹದಾ ಮಾಡ್ತಾರ, ಮ್ಯಾಲ ಬಣ್ಣದ ಪದರ ಇರಂಗಿಲ್ಲ, ತೊಗಲು ಬರಿಮೈಲೇ ಇರ್ತೈತಿ. ಅದಕ್ಕ ಎಣ್ಣಿ ಹಾಕಿದ್ರ ಕುಡಿತೈತಿ, ಮೆತ್ತಗ ಆಗ್ತೈತಿ, ಕಚ್ಚೂದು ಕಡಿಮಿ ಆಗ್ತೈತಿ. ದೊಡ್ಡಾವರು ಕಂಡಿದ್ದು ಆ ಚರ್ಮ.

ಕಾರ್ ಸೀಟಿನ ಚರ್ಮದ ಕಥಿನ ಬ್ಯಾರೆ. ಹೆಚ್ಚಾಗಿ ಅದನ್ನ ಕ್ರೋಮ್ ಉಪ್ಪಿನಾಗ ಹದಾ ಮಾಡಿರ್ತಾರ, ಅದರ ಮ್ಯಾಲ ಬಣ್ಣ ಹೊಡೀತಾರ, ಬಣ್ಣದ ಮ್ಯಾಲ ಪಾಲಿಯುರೆಥೇನ್ ಅನ್ನೂ ಪ್ಲಾಸ್ಟಿಕ್ಕಿಂದು ಒಂದು ತೆಳು ಪದರ ಹಾಕ್ತಾರ. ಈ ಪದರ ತಲಿಕೂದಲ ಎಳಿಗಿಂತಾ ತೆಳು ಇರ್ತೈತಿ, ಆದ್ರ ನೀವು ದಿನಾ ಮುಟ್ಟೂದು ಅದನ್ನ, ಕೂಡೂದು ಅದರ ಮ್ಯಾಲ, ಕೊಳಿ ಕೂಡೂದೂ ಅದರ ಮ್ಯಾಲ. ಹಂಗಾದ್ರ ನೀವು ತಿಕ್ಕಿದ ಕೊಬ್ರಿ ಎಣ್ಣಿ ಎಲ್ಲಿ ಹೋಗ್ಬೇಕ್ರಿ? ಒಳಗ ಇಳಿಯಾಕ ದಾರಿ ಇಲ್ಲ, ಹೊಲಿಗಿ ತೂತಿನಾಗ ಚೂರು ಇಳಿದು ದಾರ ನೆನಸ್ತೈತಿ, ಉಳದಿದ್ದು ಮ್ಯಾಲ ಕುಂತು ಧೂಳು ಹಿಡಿತೈತಿ, ಅಂಗಿಗೆ ಹತ್ತತೈತಿ, ಬಿಸಲಿಗೆ ಕಮಟು ವಾಸನಿ ಹೊಡಿತೈತಿ. ನಿಮ್ಮ ಊರಾಗಂತೂ ಎರಿಮಣ್ಣಿನ ಧೂಳು, ಅದು ಎಣ್ಣಿ ಜೋಡಿ ಕೂಡಿದ್ರ ಸಣ್ಣ ಉಸುಕಿನ ಕಾಗದ ಆದಂಗ, ನೀವು ಸೀಟಿನ ಮ್ಯಾಲ ಹತ್ತಿ ಇಳದಾಗೊಮ್ಮೆ ಆ ಪದರಾನ ಉಜ್ಜತೈತಿ.

ನಿಮ್ಮ ಸೀಟಿಗೆ ಪದರ ಐತೋ ಇಲ್ಲೋ ನೋಡೂದು ಸರಳ. ಸೀಟಿನ ಕೆಳಗ ಕಾಣದಂಥಾ ಜಾಗಾದಾಗ ಒಂದು ಹನಿ ನೀರು ಬಿಡ್ರಿ. ಹನಿ ಮುತ್ತಿನಂಗ ನಿಂತ್ರ ಪದರ ಐತಿ, ಎರಡು ಮಿನಿಟನಾಗ ಹೀರಿ ಕಲಿ ಕಪ್ಪಾದ್ರ ಬರಿಮೈ ಚರ್ಮ, ಅದನ್ನ ಅನಿಲೀನ್ ಲೆದರ್ ಅಂತಾರ. ಭಾಳ ತುಟ್ಟಿ ಗಾಡಿ ಬಿಟ್ರ ನಮ್ಮ ರಸ್ತೆ ಮ್ಯಾಲಿನ ಗಾಡ್ಯಾಗ ಅದು ಸಿಗೂದು ಕಡಿಮಿ.

ಈಗ ಎಣ್ಣಿ ತಗಿಯೂ ಕೆಲಸ. ಮುಂಜಾನೆ ಲಗೂನ, ಸೀಟ್ ತಣ್ಣಗಿದ್ದಾಗ, ಗಾಡಿ ನೆರಳಿಗೆ ಹಚ್ಚಿ ಶುರು ಮಾಡ್ರಿ. ಮೊದಲ ವ್ಯಾಕ್ಯೂಮ್ ಹೊಡೀರಿ, ಮುಂದ ಮೆತ್ತನ ಬ್ರಶ್ ಇರೋದು ಹಚ್ಚಿ ಹೊಲಿಗಿ ಸಂದಿ, ಬೆನ್ನು-ಕುಂಡಿ ಕೂಡೂ ಸಂದಿ ಎಲ್ಲಾ ತಗೀರಿ. ಇದನ್ನ ಬಿಟ್ಟು ಸೀದಾ ಹಸಿ ಅರಬಿ ಹಚ್ಚಿದ್ರ ಧೂಳು ಕೆಸರಾಗಿ ಸಂದ್ಯಾಗ ಹೋಗಿ ಕುಂದರ್ತೈತಿ, ಆಮ್ಯಾಲ ಹೊರಗ ಬರಂಗಿಲ್ಲ. ಪಿಎಚ್ ನ್ಯೂಟ್ರಲ್, ಅಂದ್ರ ಹುಳಿನೂ ಅಲ್ಲ ಕ್ಷಾರಾನೂ ಅಲ್ಲ, ಅಂತ ಬರದಿರೋ ಲೆದರ್ ಕ್ಲೀನರ್ ತೊಗೋರಿ. ಸೀಟಿನ ಮ್ಯಾಲ ಹೊಡಿಬ್ಯಾಡ್ರಿ, ಕುದರಿ ಕೂದಲ ಬ್ರಶ್ ಆಗಲಿ ಮೆತ್ತನ ಸ್ಪಂಜ್ ಆಗಲಿ ಅದರ ಮ್ಯಾಲ ಹೊಡದು, ಒಂದು ರೊಟ್ಟಿ ಅಗಲದಷ್ಟು ಜಾಗಾ ಹಿಡದು ಹಗೂರಕ ಸುತ್ತ ತಿರಗಸ್ರಿ, ನೊರಿ ಬರ್ತೈತಿ, ನೊರಿ ಒಣಗೂದ್ರಾಗ ಹಿಂಡಿದ ಮೈಕ್ರೋಫೈಬರ್ ಅರಬಿಲೆ ವರಸಿ ತಗೀರಿ, ಆಮ್ಯಾಲ ಒಣ ಅರಬಿ, ಆಮ್ಯಾಲ ಮುಂದಿನ ರೊಟ್ಟಿ ಅಗಲ. ಮೊದಲಿನ ಅರಬಿ ನೋಡಿದ್ರ ನಿಮಗ ಗಾಬರಿ ಆಗ್ತೈತಿ, ಕಪ್ಪು ಸೀಟಿನ ಬಣ್ಣಾನ ಬಿಟ್ಟಂಗ ಕಾಣತೈತಿ, ಆದ್ರ ಅದು ಬೆವರು, ಎಣ್ಣಿ, ಮಣ್ಣು. ಅರಬಿ ಬೆಳ್ಳಗ ಬರೂ ತನಕ ಮಾಡ್ರಿ, ಎಣ್ಣಿ ತಿಕ್ಕಿದ ಸೀಟಿಗೆ ಎರಡು ಮೂರು ಸಲ ಬೇಕಾಗ್ತೈತಿ, ಎಲ್ಲಾ ಒಂದ ದಿನಾ ಮುಗಸಬೇಕಂತ ಇಲ್ಲ.

ಮುಗದ ಮ್ಯಾಲ ಸೀಟ್ ಹೊಳಿಯಂಗಿಲ್ಲ. ಇದನ್ನ ನಾನು ಒತ್ತಿ ಹೇಳ್ತೀನಿ, ಯಾಕಂದ್ರ ಎಲ್ಲಾರೂ ಇಲ್ಲೇ ಎಡವತಾರ. ಹೊಸಾ ಗಾಡಿ ಶೋರೂಮಿಂದ ಹೊರಗ ಬಂದಾಗ ಸೀಟ್ ಹೆಂಗಿತ್ತು ನೆನಪ ಮಾಡ್ಕೋರಿ, ಹೆಚ್ಚಾಗಿ ಮಬ್ಬಗ, ಒಣಾ ಒಣಾ ಇರ್ತೈತಿ. ವರ್ಷ ಕಳದ ಮ್ಯಾಲ ಬರೂ ಹೊಳಪು ಚರ್ಮದ್ದಲ್ಲ, ಮೈ ಎಣ್ಣಿ, ಬೆವರು ಪದರದ ಮ್ಯಾಲ ಕುಂತದ್ದು. ಗಾಡಿ ತೊಳಿಯೂ ಜಾಗಾದಾಗ ಡ್ಯಾಶ್‌ಬೋರ್ಡಿಗೆ ಹೊಡಿಯೂ ಸಿಲಿಕೋನ್ ಪಾಲಿಶ್ ಸೀಟಿಗೂ ಹೊಡದು ಫಳಫಳ ಮಾಡಿ ಕೊಡ್ತಾರ, ಬ್ಯಾಡಂತ ಹೇಳ್ರಿ, ಜಾರ್ತೈತಿ ಅದು, ಬ್ರೇಕ್ ಹಾಕಿದಾಗ ಹುಡುಗೂರು ಮುಂದ ಸರೀತಾವ.

ಇನ್ನ ಕಂಡೀಷನರ್. ಪದರ ಇರೋ ಚರ್ಮಕ್ಕ ಇದು ಊಟ ಅಲ್ಲ, ಅಂಗಿ ಇದ್ದಂಗ. ಒಳಗ ಹೋಗೂದು ಭಾಳ ಕಡಿಮಿ, ಮ್ಯಾಲ ಒಂದು ತೆಳು ಕಾವಲು ನಿಂದರ್ತೈತಿ, ತಿಕ್ಕಾಟ, ಜೀನ್ಸ್ ಬಣ್ಣ, ಬಿಸಲು ಒಂದೀಟು ತಡಿತೈತಿ. ನಾಕು ತಿಂಗಳಿಗೊಮ್ಮೆ ಸಾಕು. ನೀರಿನ ಬೇಸಿಂದು, ಯುವಿ (ಬಿಸಲಿನ ಸುಡೂ ಕಿರಣ) ತಡಿಯೂವಂಥಾದ್ದು ನೋಡಿ ತೊಗೋರಿ, ಒಂದು ಭಾಗಕ್ಕ ಒಂದು ರೂಪಾಯಿ ನಾಣ್ಯದಷ್ಟು ಸ್ಪಂಜಿಗೆ ಹಾಕ್ಕೊಂಡು ತೆಳುವಾಗಿ ಹಚ್ರಿ, ಇಪ್ಪತ್ತು ಮಿನಿಟ್ ಬಿಟ್ಟು ಒಣ ಅರಬಿಲೆ ವರಸಿಬಿಡ್ರಿ, ಸಾಧ್ಯ ಇದ್ರ ಆ ರಾತ್ರಿ ಗಾಡಿ ಹಂಗ ಬಿಡ್ರಿ. ಹೊಲಸ ಸೀಟಿನ ಮ್ಯಾಲ ಕಂಡೀಷನರ್ ಹಚ್ಚಿದ್ರ ಹೊಲಸನ್ನ ಒಳಗಿಟ್ಟು ಮುಚ್ಚಿದಂಗ ಆಗ್ತೈತಿ.

ಆದ್ರ ಅಣ್ಣಾರ, ನಿಮ್ಮ ಸೀಟಿನ ಖರೇ ವೈರಿ ಆ ಎಂಟು ತಾಸಿನ ಬಿಸಲು. ಏಪ್ರಿಲ್ ಮೇದಾಗ ವಿಜಯಪುರ 40 ಡಿಗ್ರಿ ದಾಟತೈತಿ, ಮುಚ್ಚಿದ ಗಾಡಿ ಒಳಗ ಕಪ್ಪು ಸೀಟ್ ಕೈ ಇಡಾಕ ಆಗದಷ್ಟು ಕಾಯತೈತಿ. ಮುಂದಿನ ಗ್ಲಾಸಿಗೆ ಬೆಳ್ಳಿ ಬಣ್ಣದ ಸನ್‌ಶೇಡ್ ಇಡ್ರಿ, ಅದೂ ಇಲ್ಲಾಂದ್ರ ಬೆನ್ನಿನ ಮ್ಯಾಲಿಂದ ಕುಂಡಿ ತನಕ ಒಂದು ಬಿಳಿ ಹತ್ತಿ ಪಂಜಿ ಹಾಸಿ ಹೋಗ್ರಿ, ಯಾವ ಬಾಟ್ಲಿಗಿಂತಾನೂ ಇದು ಹೆಚ್ಚು ಉಳಸ್ತೈತಿ.

ಬೈಲಹೊಂಗಲದಿಂದ ಒಬ್ಬ ಅಕ್ಕಾವರು: ಹುಣ್ಣಿಮಿಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗಿ ಬಂದ್ವಿ. ನಮ್ಮ ಗಾಡಿ ಸೀಟ್ ಹಾಲಿನ ಕೆನಿ ಬಣ್ಣದವು. ಎಲ್ಲಾರ ಮೈ ಮ್ಯಾಲ ಭಂಡಾರ, ಹಂಗ ಬಂದು ಕುಂತೇವಿ. ಮರುದಿನ ಬಟ್ಟಿ ಸೋಪು ಹಚ್ಚಿ ತಿಕ್ಕಿದೆ, ಹಳದಿ ಹೋಗೂದು ಬಿಟ್ಟು ಕೆಂಪಗ ಆತು! ನಮ್ಮನಿಯವರು ಮಾತಾಡೂದ ಬಿಟ್ಟಾರ.

ಅಕ್ಕಾರ, ಮೊದಲ ಅವರಿಗೆ ಹೇಳ್ರಿ, ಸೀಟ್ ಹಾಳಾಗಿಲ್ಲ. ಆ ಕೆಂಪು ಎಲ್ಲಿಂದ ಬಂತು ಅನ್ನೂದು ನಿಮಗ ಗೊತ್ತೇ ಐತಿ, ಲಕ್ಷ್ಯಕ್ಕ ಬಂದಿಲ್ಲ ಅಷ್ಟ. ಆರತಿ ನೀರು ಹೆಂಗ ಮಾಡ್ತೀರಿ? ಅರಿಷಿಣಕ್ಕ ಚೂರು ಸುಣ್ಣ ಕಲಸ್ತೀರಿ, ಕೆಂಪಾಗ್ತೈತಿ. ಭಂಡಾರ ಅಂದ್ರೂ ಅರಿಷಿಣನ, ಸುಣ್ಣದಂಗ ಬಟ್ಟಿ ಸೋಪೂ ಕ್ಷಾರ. ಹಂಗಾಗಿ ನಿಮ್ಮ ಸೀಟಿನ ಮ್ಯಾಲ ಆರತಿ ನೀರು ಆಗೈತಿ. ಹುಳಿ ಬಿದ್ರ ಅದು ತಿರಗಿ ಹಳದಿ ಆಗ್ತೈತಿ.

ಒಂದು ಲೋಟ ನೀರಿಗೆ ಒಂದು ಚಮಚಾ ಬಿಳಿ ವಿನೆಗರ್ ಹಾಕ್ರಿ, ಮೊದಲ ಸೀಟಿನ ಹಿಂದ ಕಾಣದ ಜಾಗಾದಾಗ ಹಚ್ಚಿ ನೋಡ್ರಿ, ಏನೂ ಆಗಲಿಲ್ಲಂದ್ರ ಅರಬಿ ಅದ್ದಿ ಗಟ್ಟಿ ಹಿಂಡಿ ಕೆಂಪಿನ ಮ್ಯಾಲ ಒತ್ತಿ ಒತ್ತಿ ತಗೀರಿ, ತಿಕ್ಕಬ್ಯಾಡ್ರಿ. ಹಳದಿಗೆ ಬಂದ ಮ್ಯಾಲ ಬರೇ ನೀರಿನ ಅರಬಿಲೆ ವರಸಿ, ಮ್ಯಾಲ ಹೇಳಿದಂಗ ಲೆದರ್ ಕ್ಲೀನರಿಲೆ ಎರಡು ಸಲ ಮಾಡ್ರಿ. ಅರ್ಧಕ್ಕಿಂತ ಹೆಚ್ಚು ಹೋಗ್ತೈತಿ, ತೆಳು ಹಳದಿ ನೆರಳು ಉಳೀತೈತಿ. ಅದನ್ನ ಇನ್ನ ಮುಟ್ಟಬ್ಯಾಡ್ರಿ, ಸೂರ್ಯಾಗ ಬಿಟ್ಟುಬಿಡ್ರಿ. ಅರಿಷಿಣದ ಬಣ್ಣ ಬೆಳಕಿಗೆ ನಿಂದರಂಗಿಲ್ಲ, ಅರಿಷಿಣ ಹತ್ತಿದ ಬಿಳಿ ಸೀರಿ ಹಗ್ಗದ ಮ್ಯಾಲ ಹಾಕಿದ್ರ ನಾಕು ದಿನದಾಗ ಹೆಂಗ ತಿಳಿ ಆಗ್ತೈತಿ ನೋಡೀರಲ್ಲ, ಅದ ಲೆಕ್ಕ. ಈಗಷ್ಟ ಮ್ಯಾಲ ಬಿಸಲು ವೈರಿ ಅಂದೆ, ಖರೇ, ಅದಕ್ಕ ಮಧ್ಯಾಹ್ನದ್ದು ಬ್ಯಾಡ, ಮುಂಜಾನೆ ಎಳಿ ಬಿಸಲು ಬೀಳೂವಂಗ ಬಾಗಲಾ ತಗದು ಎರಡು ತಾಸು ನಿಲ್ಲಸ್ರಿ, ಒಂದು ವಾರ ಹಂಗ ಮಾಡಿ ನೋಡ್ರಿ.

ಮುಂದಿನ ಸಲ ಗುಡ್ಡಕ್ಕ ಹೋಗೂ ಮುಂದ, ಚಿಂಚಲಿ ಮಾಯಕ್ಕನ ಕಡೆ ಹೋದ್ರೂ ಅಷ್ಟ, ಎರಡು ಹಳೇ ಚಾದರ ಗಾಡ್ಯಾಗ ಇಟ್ಕೊಂಡು ಹೋಗ್ರಿ, ಹತ್ತೂಕಿಂತ ಮೊದಲ ಹಾಸ್ರಿ. ದೇವಿ ಭಂಡಾರ ಬ್ಯಾಡ ಅನ್ನಾಕ ಬರಂಗಿಲ್ಲ, ಅನ್ನಲೂಬಾರದು. ಅಷ್ಟ ಆದಮ್ಯಾಲೂ ಬಿತ್ತು ಅಂದ್ರ ಪುಡಿ ಒಣಾ ಇದ್ದಾಗ ವ್ಯಾಕ್ಯೂಮ್ ಹೊಡಿಬೇಕು, ನೀರು ಸೋಪು ಆಮ್ಯಾಲಿನ ಮಾತು. ಎಣ್ಣಿ ಕೈಲೆ ಮುಟ್ಟಬಾರದು, ಅರಿಷಿಣದ ಬಣ್ಣ ನೀರಿಗಿಂತ ಎಣ್ಣ್ಯಾಗ ಲಗೂನ ಕರಗಿ ಹರಡ್ತೈತಿ.

ಬಟ್ಟಿ ಸೋಪಿನ ಬಗ್ಗೆ ಇನ್ನೊಂದು ಮಾತು. ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ 4-5ರ ಹತ್ತರ ಇರ್ತೈತಿ (7 ಅಂದ್ರ ನಡುವಿಂದು, ಅದಕ್ಕ ಕೆಳಗ ಹುಳಿ, ಮ್ಯಾಲ ಕ್ಷಾರ), ಬಟ್ಟಿ ಪೌಡರ್ ನೀರು 10ರ ಆಚೀಚೆ. ಪದರ ಗಟ್ಟಿ ಇದ್ರ ಒಮ್ಮೆ ತಡ್ಕೊಂತೈತಿ, ತಿಂಗಳಾ ತಿಂಗಳಾ ತಿಕ್ಕಿದ್ರ ಪದರ ಸೋಲತೈತಿ, ಎಲ್ಲಿ ಬಿರುಕೈತೋ ಅಲ್ಲಿಂದ ಒಳಗ ಹೋಗಿ ಚರ್ಮಾನ ಬಿರುಸ ಮಾಡ್ತೈತಿ. ಗ್ಲಾಸ್ ವರಸೂ ನೀಲಿ ನೀರು, ಥಿನ್ನರ್, ನೇಲ್ ಪಾಲಿಶ್ ರಿಮೂವರ್, ಸೀಮೆಎಣ್ಣಿ ಯಾವುದೂ ಬ್ಯಾಡ. ಕಲಿ ತಗಿಯೂ ಬಿಳಿ ಮೆಲಮೈನ್ ಸ್ಪಂಜೂ ಬ್ಯಾಡ್ರಿ, ಮುಟ್ಟಿದ್ರ ಮೆತ್ತಗ ಅನಸ್ತೈತಿ, ಆದ್ರ ಅದು ಕಲೀನ ಕೆರದು ತಗೀತೈತಿ, ಜೋಡಿಗೆ ಪದರಾನೂ ಕೆರೀತೈತಿ.

ಬಾಗಲಕೋಟೆ ನವನಗರದಿಂದ: ಗಾಡಿ ತೊಗೊಂಡಾಗ ಅಂಗಡಿಯವರು ಪ್ಯೂರ್ ಲೆದರ್ ಸೀಟ್ ಕವರ್ ಅಂತ ಹಾಕಿಕೊಟ್ರು. ಒಂದೂವರಿ ವರ್ಷಕ್ಕ ಸಿಪ್ಪಿ ಎದ್ದಾವ. ಯಾವ ಕಂಡೀಷನರ್ ಹಚ್ಚಬೇಕ್ರಿ?

ಯಾವುದೂ ಬ್ಯಾಡ. ಸಿಪ್ಪಿ ಎದ್ದೈತಿ ಅಂದ್ರ ಬಹುಶಃ ಅದು ಚರ್ಮನ ಅಲ್ಲ, ಅರಬಿ ಮ್ಯಾಲ ಪ್ಲಾಸ್ಟಿಕ್ ಬಳದದ್ದು. ಕವರಿನ ಒಂದು ಅಂಚು ತಿರುವಿ ಹಿಂದಿನ ಮಗ್ಗಲು ನೋಡ್ರಿ, ಹೆಣದ ಬಟ್ಟಿ ಜಾಳಿಗಿ ಕಂಡ್ರ ರೆಕ್ಸಿನ್, ಮಖಮಲ್ಲಿನಂಗ ನಾರು ನಾರು ಕಂಡ್ರ ಚರ್ಮ. ಕಂಪನಿ ಕಾಗದದಾಗ ಲೆದರೆಟ್ ಅಂತ ಬರದಿದ್ರೂ ಅದು ಚರ್ಮಲ್ಲ. ಖರೇ ಲೆದರ್ ಅಂತ ಬರೂ ಗಾಡ್ಯಾಗೂ ಭಾಳ ಸಲ ಮೈ ತಾಗೂ ಮುಂದಿನ ಭಾಗ ಅಷ್ಟ ಚರ್ಮ ಇರ್ತೈತಿ, ಬದಿ, ಬೆನ್ನ ಹಿಂದ ರೆಕ್ಸಿನ್ ಇರ್ತೈತಿ.

ರೆಕ್ಸಿನ್ನಿನಾಗೂ ಎರಡು ಜಾತಿ. ಪಿವಿಸಿದು ಗಟ್ಟಿ, ಅದನ್ನ ಮೆತ್ತಗ ಇಡಾಕ ಒಂದು ಎಣ್ಣಿಯಂಥಾ ವಸ್ತು ಕಲಸಿರ್ತಾರ, ಬಿಸಲಿಗೆ ಅದು ಆವಿಯಾಗಿ ಹೋಗ್ತೈತಿ, ಬಿಸಲಾಗ ನಿಂತ ಗಾಡಿ ಗ್ಲಾಸಿಗೆ ಒಳಗಿಂದ ಮಬ್ಬು ಹಿಡಿತೈತಲ್ಲ, ಅದರಾಗ ಇದರ ಪಾಲೂ ಐತಿ. ಅದು ಹ್ವಾದ್ರ ಪಿವಿಸಿ ಬಿರಸಾಗಿ ಸೀಳತೈತಿ. ಪಿಯು (ಪಾಲಿಯುರೆಥೇನ್) ಬಗಿದು ಮೆತ್ತಗ ಇರ್ತೈತಿ, ಆದ್ರ ಅಗ್ಗದ್ದು ಬಿಸಿಗೆ, ತೇವಕ್ಕ, ಬೆವರಿಗೆ ಒಳಗಿಂದನ ಮುರದು ಸಿಪ್ಪಿ ಏಳತೈತಿ, ನಿಮ್ಮದು ಅದ ಇರಬೇಕು. ಎದ್ದ ಸಿಪ್ಪಿ ಯಾವ ಬಾಟ್ಲಿಲೇನೂ ಕೂಡಂಗಿಲ್ಲ, ರೊಕ್ಕ ಹಾಳ ಮಾಡ್ಕೋಬ್ಯಾಡ್ರಿ. ರೆಕ್ಸಿನ್ ಛಲೋ ಇರೋರು ಚೂರು ಶಾಂಪೂ ಕಲಸಿದ ನೀರಿನ ಅರಬಿಲೆ ವರಸಿ ಒಣಗಿಸಿದ್ರ ಸಾಕು.

ಕವರ್ ತಗಸಿ ಹೊಸಾವು ಹಾಕಸೂರು ಇದ್ರ ಒಂದು ಮಾತು ಗಟ್ಟ್ಯಾಗಿ ಹಿಡಕೋರಿ. ಸೀಟಿನ ಬದಿಗೆ ಏರ್‌ಬ್ಯಾಗ್ ಅಂತ ಸಣ್ಣ ಚೀಟಿ ಹೊಲದಿದ್ರ ಆ ಬ್ಯಾಗ್ ಸೀಟಿನ ಹೊಲಿಗಿ ಹರಕೊಂಡ ಹೊರಗ ಬರ್ತೈತಿ. ಅದರ ಮ್ಯಾಲ ದಪ್ಪ ಕವರ್ ಬಿಗದ್ರ ಬ್ಯಾಗ್ ಸರ್ಯಾಗಿ, ಸರಿ ವ್ಯಾಳ್ಯಾಕ್ಕ ಬಿಚ್ಚಿಕೊಳ್ಳದ ಇರಬಹುದು. ಕುಶನ್ ಕೆಲಸದವರಿಗೆ ಆ ಬದಿ ತೆರದ ಇರಬೇಕು, ಇಲ್ಲಾ ಅಲ್ಲಿ ಹರಿಯೂವಂಥಾ ಹೊಲಿಗಿ ಇರೋ ಕವರ ಬೇಕು ಅಂತ ಹೇಳ್ರಿ, ಅವರು ನಡೀತೈತಿ ಬಿಡ್ರಿ ಸರ ಅಂದ್ರ ಅಲ್ಲಿಂದ ಎದ್ದು ಬರ್ರಿ. ಚಂದ ಕಾಣೂದು ಆಮ್ಯಾಲ, ಮನಿ ಮಂದಿ ಜೀವ ಮೊದಲ.

ಖಾನಾಪುರದಿಂದ: ಮಳಿಗಾಲದಾಗ ಹದಿನೈದು ದಿನಾ ಗಾಡಿ ತಗದಿರಲಿಲ್ಲ. ಬಾಗಲಾ ತಗದ್ರ ಸೀಟಿನ ಮ್ಯಾಲ ಬೆಳ್ಳಗ ಬೂಸ್ಟು, ವಾಸನಿ ತಡಿಯಾಕ ಆಗವಲ್ದು.

ನಿಮ್ಮ ಕಡೆ ಮಳಿ ವಿಜಯಪುರದವರಿಗೆ ಹೇಳಿದ್ರ ನಂಬಂಗಿಲ್ಲ, ಅಲ್ಲಿ ಒಣಗೂ ತ್ರಾಸು, ಇಲ್ಲಿ ಒಣಗದಿರೋ ತ್ರಾಸು. ಮಳಿ ನಿಂತ ಒಂದು ದಿನಾ ಗಾಡಿ ಹೊರಗ ತಗದು ನಾಕೂ ಬಾಗಲಾ ತಗೀರಿ, ಮೂಗಿಗೆ ಮಾಸ್ಕ್ ಕಟ್ಕೋರಿ, ಒಣ ಬೂಸ್ಟನ್ನ ಬ್ರಶ್ಶಿಲೆ ಝಾಡಿಸಬ್ಯಾಡ್ರಿ, ಝಾಡಿಸಿದ್ರ ಬೀಜ ಗಾಡಿ ತುಂಬ ಹಾರತಾವ. ಹಸಿ ಅರಬಿಲೆ ಎತ್ತಿ ತಗೀರಿ, ಆ ಅರಬಿ ಕಸದಾಗ ಒಗದುಬಿಡ್ರಿ, ತಿರಗಿ ಹಚ್ಚಬ್ಯಾಡ್ರಿ. ಆಮ್ಯಾಲ ಅಕ್ಕಾರಿಗೆ ಹೇಳಿದ ವಿನೆಗರ್ ನೀರು, ಆಮ್ಯಾಲ ಕ್ಲೀನರ್, ಆಮ್ಯಾಲ ಪೂರ್ತಿ ಒಣಗಸೂದು, ಮನಿ ಟೇಬಲ್ ಫ್ಯಾನ್ ಹಚ್ಚಿದ್ರೂ ಆಗ್ತೈತಿ.

ಬೂಸ್ಟು ಹೋದ್ರೂ ನೀರು ಎಲ್ಲಿಂದ ಬಂತು ಅಂತ ಹುಡುಕದಿದ್ರ ಮುಂದಿನ ವಾರ ತಿರಗಿ ಬರ್ತೈತಿ. ಕಾಲಾಗಿನ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿ ನೋಡ್ರಿ, ಹಸಿ ಇದ್ರ ಎಸಿ ನೀರು ಹೊರಗ ಹೋಗೂ ಪೈಪು ಕಟ್ಟಿರಬಹುದು, ಬಾಗಲದ ರಬ್ಬರ್ ಸರದಿರಬಹುದು, ಸನ್‌ರೂಫ್ ಇದ್ರ ಅದರ ಮೂಲ್ಯಾಗಿನ ನೀರಿನ ತೂತಿನಾಗ ಎಲಿ ಕಸಾ ಕುಂತಿರಬಹುದು. ಮಳಿಗಾಲದಾಗ ಗಾಡಿ ನಿಲ್ಲಸೂಕಿಂತ ಐದು ಮಿನಿಟ್ ಮೊದಲ ಎಸಿ ಬಂದ್ ಮಾಡಿ ಬರೇ ಫ್ಯಾನ್ ಹೊರಗಿನ ಗಾಳಿಗೆ ಇಟ್ಟು ಓಡಸ್ರಿ, ಒಳಗಿನ ಕಾಯಿಲ್ ಒಣಗತೈತಿ, ವಾಸನಿ ಅರ್ಧ ಅಲ್ಲೇ ಹೋಗ್ತೈತಿ. ಹಸಿ ಛತ್ರಿ, ಹಸಿ ಜರ್ಕಿನ್ ಸೀಟಿನ ಮ್ಯಾಲ ಒಗೀಬ್ಯಾಡ್ರಿ.

ಮುಧೋಳದಿಂದ ಒಬ್ಬ ವಿದ್ಯಾರ್ಥಿ: ಅಪ್ಪಾಜಿ ಗಾಡಿ ಸೀಟಿಗೆ ಬಾಲ್‌ಪೆನ್ ಗೆರಿ ಬಿದ್ದೈತಿ, ಅವರಿಗೆ ಗೊತ್ತಿಲ್ಲ. ಸ್ಯಾನಿಟೈಸರ್ ಹಚ್ಚಲಿ?

ಬ್ಯಾಡ ತಮ್ಮಾ. ಸ್ಯಾನಿಟೈಸರಿನ ಸ್ಪಿರಿಟ್ ಶಾಯಿ ಕರಗಸ್ತೈತಿ, ಖರೇ, ಆದ್ರ ಅದ ಸ್ಪಿರಿಟ್ ಸೀಟಿನ ಪದರಾನೂ ಮೆತ್ತಗ ಮಾಡ್ತೈತಿ, ಗೆರಿ ಇದ್ದಲ್ಲಿ ಬೋಳು ಮಚ್ಚಿ ಬೀಳತೈತಿ, ಗೆರಿಗಿಂತ ಮಚ್ಚಿ ದೂರಿಂದ ಕಾಣತೈತಿ. ಇವತ್ತ ಬಿದ್ದದ್ದು ಇದ್ರ ಲೆದರ್ ಕ್ಲೀನರಿಲೆ ಗೆರಿ ಉದ್ದಕ್ಕ ಹಗೂರ ವರಸು, ಹಳೇದಿದ್ರ ಲೆದರಿನ ಶಾಯಿ ತಗಿಯೂ ಕಡ್ಡಿ ಅಂತ ಬರ್ತೈತಿ, ಅದನ್ನ ಕಾಣದ ಜಾಗಾದಾಗ ಹಚ್ಚಿ ನೋಡಿ ಮುಂದ ಹೋಗು. ಅಪ್ಪಾಜಿಗೆ ಇವತ್ತ ಹೇಳು, ದಿನಾ ಕಳದಷ್ಟು ಶಾಯಿ ಒಳಗ ಇಳೀತೈತಿ.

ಜಮಖಂಡಿಯಿಂದ: ಹತ್ತು ವರ್ಷದ ಹಳೇ ಗಾಡಿ ತೊಗೊಂಡೀನಿ. ಎಲ್ಲಾ ಸೀಟ್ ಛಲೋ, ಡ್ರೈವರ್ ಸೀಟಿನ ಬಾಗಲ ಕಡಿನ ದಂಡಿ ಅಷ್ಟ ಬಿರುಕು ಬಿಟ್ಟು ಬೆಳ್ಳಗಾಗೈತಿ. ಕಂಡೀಷನರ್ ಐದಾರು ಸಲ ಹಚ್ಚಿದೆ, ಹಚ್ಚಿದ ದಿನಾ ಛಲೋ ಕಾಣತೈತಿ, ಮರುದಿನ ಮತ್ತ ಅದ ಕಥಿ. ಪೂರ್ತಿ ಸೀಟ್ ಬದಲಸಬೇಕ?

ಬದಲಸಬ್ಯಾಡ್ರಿ. ಆ ದಂಡಿ ಮ್ಯಾಲ ಹಿಂದಿನ ಮಾಲಕರು ದಿನಾ ಹತ್ತಿ ಇಳದಾಗೊಮ್ಮೆ ತೊಡಿ ಉಜ್ಜಿರ್ತಾರ, ಪ್ಯಾಂಟಿನ ಹಿಂದಿನ ಕಿಸೆ ಗುಂಡಿ, ಕೀಲಿ ಗೊಂಚಲ ತಾಕಿರ್ತಾವ, ಹತ್ತು ವರ್ಷದಾಗ ಅದು ಎಷ್ಟು ಸಾವಿರ ಸಲ ಆತು ಲೆಕ್ಕಾ ಹಾಕ್ರಿ. ಒಡದದ್ದು ಹೆಚ್ಚಾಗಿ ಬಣ್ಣದ ಪದರ, ಚರ್ಮ ಇನ್ನೂ ಕೆಳಗ ಜೀವಂತ ಐತಿ. ಬಿರುಕನ್ನ ಕಂಡೀಷನರ್ ಕೂಡಸಂಗಿಲ್ಲ, ಹಸಿ ಇರೂ ತನಕ ಮುಚ್ಚತೈತಿ ಅಷ್ಟ, ನೀವು ಕಂಡದ್ದು ಅದ.

ಬೆರಳಲೆ ಒತ್ತಿ ನೋಡ್ರಿ. ಮೆತ್ತಗ ಬಗ್ಗಿದ್ರ ಬಣ್ಣದ ಕೆಲಸ ಸಾಕು. ಕಿಟ್ ಸಿಗ್ತಾವ, ಲೆದರ್ ರಿಪೇರಿ ಮಾಡೂರೂ ಅದಾರ, ಕೆಲಸದ ಕ್ರಮ ಒಂದ: ಪೂರ್ತಿ ಸ್ವಚ್ಛ ಮಾಡಿ, ಹಚ್ಚಿದ ಕಂಡೀಷನರ್ ಎಲ್ಲಾ ಪ್ರೆಪ್ ದ್ರಾವಣದಿಂದ (ಬಣ್ಣಕ್ಕಿಂತ ಮೊದಲ ಜಿಡ್ಡು ತಗಿಯೂ ದ್ರಾವಣ) ತಗದು, ಸಣ್ಣ ಮರಳುಕಾಗದದಿಂದ ಎದ್ದ ಅಂಚು ಹಗೂರ ತಿಕ್ಕಿ, ಬಿರುಕಿನಾಗ ಲೆದರ್ ಫಿಲ್ಲರ್ ತೆಳುವಾಗಿ ಎರಡು ಮೂರು ಸಲ ತುಂಬಿ, ಬಣ್ಣ ಹೊಂದಿಸಿ ಸ್ಪಂಜಿಲೆ ತೆಳು ತೆಳು ಪದರ ಹಚ್ಚಿ, ಕಡೀಕ ಮಬ್ಬು ಟಾಪ್‌ಕೋಟ್, ಅಂದ್ರ ಎಲ್ಲಾದರ ಮ್ಯಾಲಿನ ಕಾವಲು ಪದರ. ನಿಮ್ಮ ಐದಾರು ಸಲದ ಕಂಡೀಷನರ್ ಇಲ್ಲೇ ತೊಂದರಿ ಕೊಡೂದು, ಅದು ಚೂರು ಉಳದ್ರೂ ಹೊಸಾ ಬಣ್ಣ ಹಿಡಿಯಂಗಿಲ್ಲ, ಅದಕ್ಕ ತಗಿಯೂ ಕೆಲಸಕ್ಕ ಅರ್ಧ ದಿನಾ ಕೊಡ್ರಿ. ಬೂಟ್ ಪಾಲಿಶ್ ಹಚ್ಚು ಅಂತ ಯಾರರೆ ಹೇಳಿದ್ರ ಕೇಳಬ್ಯಾಡ್ರಿ, ಪ್ಯಾಂಟಿಗೆ ಹತ್ತತೈತಿ, ಆಮ್ಯಾಲ ಬಣ್ಣಾನೂ ಕೂಡಂಗಿಲ್ಲ.

ಒತ್ತಿದಾಗ ಹಪ್ಪಳದಂಗ ಕರ್ ಅಂದು ಬಿರಸಾಗಿದ್ರ ಆ ಚರ್ಮ ತಿರಗಿ ಬರಂಗಿಲ್ಲ, ಅದೊಂದ ತುಂಡು ಬಿಚ್ಚಿ ಅದ ಬಣ್ಣದ ಹೊಸಾ ಚರ್ಮ ಹೊಲಿಸ್ರಿ. ಕುಶನ್ ಕೆಲಸದವರು ಪೂರ್ತಿ ಸೀಟ್ ಮಾಡಸ್ರಿ ಅಂತಾರ, ದಂಡಿ ಅಷ್ಟ ಸಾಕು ಅಂತ ಹೇಳ್ರಿ. ಮತ್ತ ಇಳಿಯೂ ಮುಂದ ದಂಡಿ ಮ್ಯಾಲ ಜಾರಿ ಇಳಿಯೂದ ಬಿಟ್ಟು, ಮೊದಲ ಸೀಟ್ ಹಿಂದ ಸರಸಿ, ಕಾಲು ಹೊರಗ ಇಟ್ಟು ಎದ್ದ ನಿಂದರ್ರಿ.